ಮುನ್ನೂರ ಎಂಬತ್ತೈದು ಗಜ, ಮೇಲೆ ಕೊಸರು

ನಲವತ್ತೆಂಟನೆಯ ಇಸವಿಯಲ್ಲಿ, ಸವಣೂರಿನ ಸಂಸ್ಥಾನ ಮುಗಿದು ಮುಂಬಯಿ ಸರಕಾರ ಬಂದ ಕೆಲವೇ ತಿಂಗಳಿಗೆ, ಎಂದೂ ನೋಡದ ಒಬ್ಬ ಓಟಗಾರನನ್ನು ನೆನೆದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಲಂಡನ್ನಿನಲ್ಲಿ ಎಲ್ಲ ದೇಶದವರೂ ಸೇರಿ ಮ್ಯಾರಥಾನ್ ಓಡಿದ್ದರು. ಇಪ್ಪತ್ತಾರು ಮೈಲಿ ಮುಗಿಸಿ ಮೈದಾನದೊಳಗೆ ಎಲ್ಲರಿಗಿಂತ ಮೊದಲು ಕಾಲಿಟ್ಟವನನ್ನು ಕೊನೆಯ ಸುತ್ತಿನಲ್ಲಿ ಇಬ್ಬರು ದಾಟಿಕೊಂಡು ಹೋಗಿ, ಅವನು ಮೂರನೆಯವನಾದನಂತೆ. ಪತ್ರಿಕೆಯನ್ನು ಜೋರಾಗಿ ಓದುತ್ತಿದ್ದವನು ನಾನೇ. ಇನ್ನೇನು ಮನೆ ಬಾಗಿಲಿಗೆ ಬಂದು ಹೊಸ್ತಿಲಲ್ಲಿ ಕೂತುಬಿಟ್ಟರೆ ಹೇಗೆ, ಎಂಥ ಬೆಪ್ಪ ಇವನು, ಎಂದು ಟೀಕೆಯನ್ನೂ ಸೇರಿಸಿದ್ದೆ.

ಓದುತ್ತಿದ್ದದ್ದು ಪೇಟೆಯ ಒಂದು ಅರಿವೆ ಅಂಗಡಿಯ ಕಟ್ಟೆಯ ಮೇಲೆ. ಆ ಅಂಗಡಿಯ ಸಾವ್ಕಾರರು ಮೂರು ಹೊತ್ತು ವಿಭೂತಿ ಹಚ್ಚುವವರು, ಅಳತೆಯಲ್ಲಿ ಎಂದೂ ಮೋಸ ಮಾಡದವರು. ಗಜಕೋಲಿನ ತುದಿಗೆ ಬಟ್ಟೆ ಹಿಡಿದು, ತುದಿಯಾಚೆ ತಮ್ಮ ಹೆಬ್ಬೆರಳನ್ನೂ ಇಟ್ಟು, ಅಲ್ಲಿಂದ ಮುಂದಿನ ಗಜ ಎಣಿಸುತ್ತಿದ್ದರು. ಹೆಬ್ಬೆರಳಿನಷ್ಟು ಗಿರಾಕಿಗೆ ಕೊಸರು. ಆ ಕೊಸರಿನ ಆಸೆಗೆ ಶಿಗ್ಗಾಂವಿಯಿಂದಲೂ ಜನ ಅವರಲ್ಲಿಗೇ ಬರುತ್ತಿದ್ದರು.

ತಾಲೂಕಿನ ಆಡಳಿತಕ್ಕೆ ಹೊಸದಾಗಿ ಬಂದ ಮಾಮಲೇದಾರರೂ ಆ ಸಂಜೆ ಕಟ್ಟೆಯ ಮೇಲಿದ್ದರು. ಸರಕಾರ ಬದಲಾಗಿದೆ ಎನ್ನುವುದು ಜನರಿಗೆ ಕಾಣುವಂಥ ಏನಾದರೂ ಮಾಡಬೇಕೆಂದು ಅವರು ಚಡಪಡಿಸುತ್ತಿದ್ದರು. ಬಾವಿ ತೋಡಿಸಬಹುದಿತ್ತು. ಅವರು ಮ್ಯಾರಥಾನ್ ಓಡಿಸುವುದಾಗಿ ಸಾರಿದರು. ಗೆದ್ದವನಿಗೆ ಇಂಗ್ಲಿಷ್ ಶಾಲೆಯಲ್ಲಿ ಖಾಲಿ ಬಿದ್ದಿದ್ದ ಡ್ರಿಲ್ ಮಾಸ್ತರಿಕೆ, ಅದೂ ಕಾಯಂ.

ಕಾಯಂ ಎಂಬ ಮಾತು ಕೇಳಿ ನನ್ನ ನಗೆ ನಿಂತಿತು. ನಾನು ಗಣಿತ ಕಲಿಸುವ ಹಂಗಾಮಿ ಮಾಸ್ತರ. ವರ್ಷಕ್ಕೊಂದು ಊರು. ಮನೆಯಲ್ಲಿ ನಾನು, ಅವ್ವ ಮತ್ತು ಅವ್ವನ ಬೀಸುಕಲ್ಲು. ಆ ಕಲ್ಲು ಹಿರೇಕೆರೂರಿನಿಂದ ಹಾನಗಲ್ಲಿಗೆ, ಹಾನಗಲ್ಲಿನಿಂದ ಶಿಗ್ಗಾಂವಿಗೆ, ಅಲ್ಲಿಂದ ಸವಣೂರಿಗೆ ಚಕ್ಕಡಿಯಲ್ಲಿ ತಿರುಗಿತ್ತು. ಸವಣೂರಿನಲ್ಲಿ ಅದನ್ನು ಇಳಿಸಿದ ದಿನವೇ ಅವ್ವ ಹೇಳಿದ್ದಳು: "ಇನ್ನೊಮ್ಮೆ ಈ ಕಲ್ಲು ಚಕ್ಕಡಿ ಏರಿದ್ರ ನಾನೂ ಅದರ ಕೂಡ ಹಳ್ಳಕ್ಕ ಬೀಳ್ತೇನಿ, ನೋಡಪಾ." ಬರುವ ವರ್ಷ ನನ್ನನ್ನು ಚಿಕ್ಕೇರೂರಿಗೆ ಹಾಕುತ್ತಾರೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಅವ್ವನಿಗೆ ಹೇಳುವ ಧೈರ್ಯ ನನಗಿರಲಿಲ್ಲ, ಅದಕ್ಕಿಂತ ಇಪ್ಪತ್ತಾರು ಮೈಲಿ ಓಡುವುದೇ ಸಲೀಸು ಅನ್ನಿಸಿತು.

ಇಪ್ಪತ್ತಾರು ಮೈಲಿಯನ್ನು ಮೈಲಿಗಲ್ಲು ಎಣಿಸಿ ಗುರುತು ಮಾಡಿದರು. ಹಾನಗಲ್ಲಿನ ಹೊರಗಿನ ಒಂದು ಕಲ್ಲಿನಿಂದ ಹೊರಟು, ಬಂಕಾಪುರ ಹಾಯ್ದು, ಸವಣೂರಿನ ಊರಂಚಿನ ಕಲ್ಲಿನವರೆಗೆ. ತಂಟೆಯಾದದ್ದು ಮ್ಯಾರಥಾನಿನ ಲೆಕ್ಕದಲ್ಲಿ ಇಪ್ಪತ್ತಾರು ಮೈಲಿಯ ಮೇಲೆ ಉಳಿಯುವ ಮುನ್ನೂರ ಎಂಬತ್ತೈದು ಗಜಕ್ಕೆ. ಲಂಡನ್ನಿನವರು ಅಷ್ಟು ಓಡಿದ್ದರೆ ಸವಣೂರಿನವರೂ ಅಷ್ಟೇ ಓಡಬೇಕು, ಒಂದು ಗಜವೂ ಕಡಿಮೆಯಾಗಬಾರದು ಎಂದು ಮಾಮಲೇದಾರರ ಹಟ. ಗಜದ ವಿಷಯ ಬಂದ ಮೇಲೆ ಎಲ್ಲರ ಕಣ್ಣೂ ಸಾವ್ಕಾರರ ಕಡೆ ಹೋಯಿತು. ಪಂದ್ಯದ ದಿನ ಬೆಳಿಗ್ಗೆ ಅವರೇ ಅಳೆದು ಹಗ್ಗ ಕಟ್ಟಿಸುವುದೆಂದು ಠರಾವಾಯಿತು.

ನಾನು ಗಣಿತದವನು, ಊಹೆಯ ಮೇಲೆ ಬಾಳುವವನಲ್ಲ. ಮೂರು ದಿನ ಮೊದಲೇ ಶಾಲೆಯ ಟೇಪು ತಂದು ಕೊನೆಯ ಕಲ್ಲಿನಿಂದ ಎರಡು ಸಲ ಅಳೆದೆ. ಎರಡು ಸಲವೂ ಮುನ್ನೂರ ಎಂಬತ್ತೈದನೆಯ ಗಜ ಒಂದು ಬೇವಿನ ಗಿಡದ ಬುಡಕ್ಕೇ ಬಂತು. ಮೈಯಲ್ಲಿರುವ ಕಸುವನ್ನೆಲ್ಲ ಆ ಗಿಡದ ಬುಡದಲ್ಲಿ ಸುರಿಯುವುದು, ಆಮೇಲೆ ಒಂದು ಹೆಜ್ಜೆಗೂ ಉಳಿಸುವುದಿಲ್ಲ ಎಂದು ಲೆಕ್ಕ ಹಾಕಿಕೊಂಡೆ.

ಹೊರಟವರು ಏಳು ಜನ. ಅವರಲ್ಲಿ ಒಬ್ಬರು ಯಲವಿಗಿ ಸ್ಟೇಶನ್ನಿನಿಂದ ಸವಣೂರಿಗೆ ಟಪಾಲು ಚೀಲ ಹೊತ್ತು ಓಡುತ್ತಿದ್ದ ಚಾಚಾ. ಇಪ್ಪತ್ತು ವರ್ಷ ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡಿದ ಮನುಷ್ಯ. ಆ ವರ್ಷ ಟಪಾಲು ಮೋಟಾರಿಗೆ ಹೋಗಿ, ಕೋಲು ಮನೆಯ ಮೂಲೆ ಸೇರಿತ್ತು. ಓದು ಬರಹ ಬಾರದು, ವಯಸ್ಸು ನಲವತ್ತು ದಾಟಿದೆ, ಈ ಪೈಪೋಟಿ ನನಗೆ ಭಾರವಲ್ಲ ಎಂದುಕೊಂಡೆ.

ಬಂಕಾಪುರದಲ್ಲಿ ಐದು ಜನ ಓಟ ಬಿಟ್ಟು ನಿಂತರು. ದಣಿದು ಅಲ್ಲ. ಅಲ್ಲಿಯ ಜನ ದಾರಿಗೆ ಅಡ್ಡ ನಿಂತು, "ಅಷ್ಟ್ ದೂರದಿಂದ ಬಂದೀರಿ, ಹಂಗ ಹೊಂಟ್ರ ಹೆಂಗ್ರಿ? ಕುಂತ್ರಿ, ಚಾ ಕುಡೀರಿ" ಎಂದರು. ಒಬ್ಬನಿಗೆ ಅಲ್ಲಿ ಸೋದರಮಾವನ ಮನೆಯೂ ಇತ್ತು. ಚಾಚಾ ಮಾತ್ರ ನಿಲ್ಲದೆ ಸಲಾಮು ಮಾಡುತ್ತಲೇ ಹೋದರು. ನಾನು ಸಲಾಮು ಕೂಡ ಮಾಡಲಿಲ್ಲ.

ಕೊನೆಯ ಮೈಲಿಗಲ್ಲು ದಾಟುವಾಗ ನಾನು ಅವರಿಗಿಂತ ಮೂವತ್ತು ಹೆಜ್ಜೆ ಮುಂದಿದ್ದೆ. ಬಾಯಿ ಒಣಗಿತ್ತು, ಕಾಲು ನನ್ನವಾಗಿ ಉಳಿದಿರಲಿಲ್ಲ. ಬೇವಿನ ಗಿಡ ಕಂಡಿತು. ಅದರಾಚೆ ರಸ್ತೆಯ ತುಂಬ ಜನ, ಬಾಜಾ ಭಜಂತ್ರಿ. ಗಿಡದ ಬುಡ ಮುಟ್ಟಿದೆ, ಎರಡೂ ಕೈ ಮೇಲೆತ್ತಿದೆ, ಕುಸಿದು ಕೂತೆ. ಅವ್ವನ ಬೀಸುಕಲ್ಲು ಇನ್ನು ಸವಣೂರಿನದೇ ಎಂದು ಅಳುವೇ ಬಂತು. ಜನ ಕೂಗುತ್ತಿದ್ದರು. "ಏಳ್ರಿ! ಏಳ್ರಿ ಮಾಸ್ತರ್ರ!" ಎಂದು ಕೂಗುತ್ತಿದ್ದಾರೆಂದು ತಿಳಿಯುವಷ್ಟರಲ್ಲಿ ಚಾಚಾ ನನ್ನ ಪಕ್ಕದಿಂದ ಹಾಯ್ದು, ಜನ ಬಿಟ್ಟ ದಾರಿಯಲ್ಲಿ ನುಗ್ಗಿ, ಆ ಜನರ ಬೆನ್ನ ಹಿಂದೆ ಕಟ್ಟಿದ್ದ ಹಗ್ಗ ಮುಟ್ಟಿದ್ದರು.

ಮರುದಿನ ಕುಂಟುತ್ತ ಹೋಗಿ ಅಳೆದೆ. ಗಿಡದಿಂದ ಹಗ್ಗ ಕಟ್ಟಿದ ಗೂಟಕ್ಕೆ ಹತ್ತು ಗಜ ಇಪ್ಪತ್ತೈದು ಇಂಚು, ಅಂದರೆ ಮುನ್ನೂರ ಎಂಬತ್ತೈದು ಇಂಚು. ಗಜಕ್ಕೊಂದು ಇಂಚು, ಸಾವ್ಕಾರರ ಹೆಬ್ಬೆರಳಿನ ಅಗಲ. ಲೆಕ್ಕ ಎಷ್ಟು ಸರಿಯಾಗಿ ಕೂತಿತ್ತೆಂದರೆ, ಸಿಟ್ಟಿನ ನಡುವೆಯೂ ಒಂದು ಗಳಿಗೆ ಖುಷಿಯಾಯಿತು. ಆಮೇಲೆ ಅರ್ಜಿ ಬರೆದುಕೊಂಡು ಕಚೇರಿಗೆ ಹೋದೆ.

ಮಾಮಲೇದಾರರು ಸಾವ್ಕಾರರನ್ನು ಕರೆಸಿ ಕೇಳಿದರು. ಸಾವ್ಕಾರರಿಗೆ ನಿಜವಾಗಿಯೂ ನೋವಾಗಿತ್ತು.

"ರಸ್ತಾಕ್ಕ ಯಾರರ ಕೊಸರು ಕೊಡ್ತಾರೇನ್ರಿ?" ಎಂದೆ ನಾನು.

"ಕಡಿಮಿ ಅಳದೇನಂದ್ರ ನಾಚಿಕಿ, ಮಾಸ್ತರ್ರ. ಹೆಚ್ಚಿಗಿ ಕೊಟ್ಟೇನಿ. ಹೆಚ್ಚಿಗಿ ಕೊಟ್ಟಿದ್ದಕ್ಕ ತಕರಾರ ಮಾಡಿದವರು ನಮ್ಮ ಅಂಗಡ್ಯಾಗ ಇವತ್ತಿನತನಕ ಯಾರೂ ಇಲ್ಲ."

ಮಾಮಲೇದಾರರು ಇಬ್ಬರ ಮಾತನ್ನೂ ಕಾಗದದ ಮೇಲೆ ಬರೆದುಕೊಂಡರು. ಕೊನೆಗೆ ಚಾಚಾರನ್ನು ಕರೆಸಿ, ಅವರು ಒಪ್ಪಿದರೆ ಕೆಲಸ ನನ್ನದು ಎಂದರು. ಚಾಚಾ ನನ್ನ ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು, ಓದುವವರಂತೆ ನೋಡಿ, ಮೇಜಿನ ಮೇಲಿಟ್ಟರು.

"ಮಾಸ್ತರ್ದ ಖರೆ ಇರಬೇಕ್ರಿ ಸಾಹೇಬ್ರ. ಅವರಿಗೆ ಗಜ ತಿಳೀತೈತಿ, ನನಗ ತಿಳಿಯೂದಿಲ್ಲ. ಎದುರಿಗೆ ಯಾರರ ಬಂದು ಚೀಲ ಇಳಿಸಿಕೊಳ್ಳೂತನಕ ನಿಂದ್ರಬಾರದು, ಅಷ್ಟ ನನಗ ಗೊತ್ತು. ಅವರು ಕುಂತಿದ್ದು ನೋಡಿ ನೀರು ತರೂಣಂತ ಇನ್ನಷ್ಟ ಜೋರ ಓಡಿದೆ. ಕೆಲಸ ಅವರಿಗೇ ಕೊಡ್ರಿ."

ಓಟ ಮುಗಿದ ಮೇಲೆ ನನ್ನ ಬಾಯಿಗೆ ನೀರು ಹಿಡಿದ ಕೈ ಯಾರದೆಂದು ನನಗೆ ನೆನಪಾದದ್ದು ಆಗ. ಅರ್ಜಿ ವಾಪಸು ತೆಗೆದುಕೊಂಡೆ. ದೊಡ್ಡ ಮನಸ್ಸಿನಿಂದ ಎಂದು ಊರವರು ಹೊಗಳಿದರು, ನಾನೂ ತಿದ್ದಲಿಲ್ಲ. ಅದು ಬರೀ ನಾಚಿಕೆ. ಬೀಸುಕಲ್ಲು ಚಕ್ಕಡಿ ಏರಿತು. ಅವ್ವ ಹಳ್ಳಕ್ಕೆ ಬೀಳಲಿಲ್ಲ, ಚಿಕ್ಕೇರೂರು ಮುಟ್ಟುವವರೆಗೆ ಕಲ್ಲಿನ ಮೇಲೆ ಕೈಯಿಟ್ಟು ನನಗೆ ಬೆನ್ನು ಮಾಡಿ ಕೂತಿದ್ದಳು.

ಮರುವರ್ಷ ಸವಣೂರಿಗೆ ಹೋದಾಗ ಶಾಲೆಯ ಬಯಲಿನಲ್ಲಿ ಖಾಕಿ ತೊಟ್ಟ ಚಾಚಾ ಹುಡುಗರನ್ನು ಓಡಿಸುತ್ತಿದ್ದರು. ಕೈಯಲ್ಲಿ ಅದೇ ಗೆಜ್ಜೆಕೋಲು. ನನ್ನನ್ನು ಕಂಡವರೇ ಎಲ್ಲರನ್ನೂ ನಿಲ್ಲಿಸಿ, "ಸಲಾಮ್ ಮಾಡ್ರಲೇ. ಅವತ್ತ ನನಗಿಂತ ಮೊದಲ ಮುಟ್ಟಿದವರು ಇವರ" ಎಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಒಬ್ಬ ಹುಡುಗ ಕಣ್ಣರಳಿಸಿ ಕೇಳಿದ: "ಎಲ್ಲಿಗೆ ಮುಟ್ಟಿದ್ರಿ ಸರ್?"

"ಬೇವಿನ ಗಿಡಕ್ಕ" ಎಂದೆ.

ಹುಡುಗರು ಬಿದ್ದು ಬಿದ್ದು ನಕ್ಕರು. ಲಂಡನ್ನಿನಲ್ಲಿ ಮೂರನೆಯವನಾದ ಆ ಮನುಷ್ಯನ ಹೆಸರನ್ನು ನಾನು ನೆನಪಿಟ್ಟುಕೊಂಡಿರಲಿಲ್ಲ. ಅವತ್ತು ಅದಕ್ಕಾಗಿ ತುಂಬ ಹೊತ್ತು ತಡಕಾಡಿದೆ.