ಎರಡನೆಯ ರಿಮೋಟು

ಟೀವಿಗೂ ಬಟ್ಟೆಯ ಹೊದಿಕೆ ಹೊಲಿಸುತ್ತಿದ್ದ ಕಾಲ ಅದು. ರವಿವಾರ ಪೇಟೆಯ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಸಂಜೆ ಆ ಹೊದಿಕೆ ಸರಿಯುವಾಗ ಇರುತ್ತಿದ್ದವರು ಮೂರೇ ಜನ. ಮಂಚಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತ ಶಿವು ಕಾಕಾ, ನಮ್ಮಪ್ಪನ ಕಡೇ ತಮ್ಮ. ಅವನ ಬಲಕ್ಕೆ ನಾನು, ಐದನೇ ಇಯತ್ತೆಯ ರೂಪಾ. ಕಿಟಕಿಯ ಬಳಿ ಅರಳೆ ಹಿಂಜಿ ಬತ್ತಿ ಹೊಸೆಯುತ್ತಿದ್ದ ಆಯಿ, ಅಂದರೆ ಅಪ್ಪನ ತಾಯಿ. ನವರಾತ್ರಿಗೆ ಘಟ್ಟ ಹಾಕುವ, ಅಂದರೆ ದೇವಿಯ ಕಲಶ ಕೂಡಿಸುವ ಮನೆ. ದೇವರ ಮುಂದಿನ ದೀಪ ಆರಬಾರದು. ಹಾಗಾಗಿ ದಸರೆಯ ರಜೆ ಬಂತೆಂದರೆ ಆಯಿಯ ತೊಡೆಯ ಮೇಲೆ ಬತ್ತಿ, ನಮ್ಮ ತೊಡೆಯ ಮೇಲೆ ರಿಮೋಟು.

ಕೆಳಗೆ ಮೆಣಸಿನಕಾಯಿಯ ಸಗಟು ಅಂಗಡಿ. ಅಲ್ಲಿ ಚೀಲ ಸುರುವಿದರೆ ಘಾಟು ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು. ಕಾಕಾ ಗಿಟಾರ್ ಹಿಡಿದು ಹಾಡತೊಡಗಿದರೆ ಮೊದಲ ಸಾಲು ಮುಗಿಯುವಷ್ಟರಲ್ಲಿ ಒಂದು ಕೆಮ್ಮು ಬರಲೇಬೇಕು. ಅದೂ ಹಾಡಿನದೇ ಭಾಗವೆಂದು ಎಷ್ಟೋ ದಿನ ನಾನು ತಿಳಿದಿದ್ದೆ.

ಕಾಕಾ ಆಟೋ ನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಅವನಿಗೆ ಹುಚ್ಚು ಎರಡೇ: ಟೀವಿಗೆ ಹಚ್ಚಿ, ಕ್ಯಾಸೆಟ್ ತುರುಕಿ ಆಡುವ ವಿಡಿಯೋ ಗೇಮು, ಮತ್ತು ಗೋವಾದ ಗೆಳೆಯನೊಬ್ಬ ಕಳಿಸುತ್ತಿದ್ದ ಇಂಡಿ ರಾಕ್ ಹಾಡಿನ ಟೇಪುಗಳು.

“ಇಂಡಿ ಅಂದ್ರ ಬಿಜಾಪುರದ ಬಾಜೂದ ಊರಿಂದೇನೋ?” ಎಂದು ಆಯಿ ಒಮ್ಮೆ ಕೇಳಿದ್ದಳು.

“ಅಲ್ಲಬೇ ಯವ್ವಾ. ಯಾವ ದೊಡ್ಡ ಕಂಪನೀದೂ ಹಂಗಿಲ್ದ, ತಮ್ಮ ಹಾಡು ತಾವ ಕಟ್ಟಿ, ತಾವ ಹಾಡಿ, ತಾವ ಹಂಚೋದು.”

“ಹಂಗಾರ ನಾ ಬೀಸೂಕಲ್ಲಿನ ಮುಂದ ಹಾಡಿದ್ದೆಲ್ಲಾ ಇಂಡೀನ ಬಿಡು,” ಅಂದು ಆಯಿ ಮತ್ತೆ ಬತ್ತಿ ಹೊಸೆದಳು.

ಕಾಕಾನಿಗೆ ಎಲ್ಲದರ ಮೇಲೂ ಒಂದು ಅಭಿಪ್ರಾಯವಿತ್ತು. ಮೊದಲ ಮಟ್ಟದಲ್ಲೇ ಒಳ್ಳೇ ಬಂದೂಕು ಕೊಡುವ ಆಟ ಆಟವೇ ಅಲ್ಲ. ಡ್ರಮ್ಮು ತಡವಾಗಿ ಬಂದಷ್ಟೂ ಹಾಡು ಛಲೋ. ಹಾಡುವವನ ದನಿ ಒಂದೆರಡು ಕಡೆ ಒಡೆಯಬೇಕು, ಇಲ್ಲದಿದ್ದರೆ ಅವನು ಖರೇ ಹಾಡುತ್ತಿಲ್ಲ. ಈ ಮಾತುಗಳನ್ನೆಲ್ಲ ನಾನು ಸಾಲಿಗೆ ಒಯ್ದು, ನನ್ನವೇ ಎಂಬಂತೆ ಗೆಳತಿಯರ ಮುಂದೆ ಬಿಡುತ್ತಿದ್ದೆ. ಅವರಲ್ಲಿ ಒಬ್ಬಳೂ ಆ ಹಾಡು ಕೇಳಿದವಳಲ್ಲ.

ಆ ಗೇಮಿನ ಗುಂಡಿಯ ಹಿಡಿಕೆಗೆ ನಾವು ರಿಮೋಟು ಅನ್ನುತ್ತಿದ್ದೆವು; ಎರಡನೆಯ ರಿಮೋಟು ನನ್ನದು. ಅದಕ್ಕೂ ದೊಡ್ಡ ಹಕ್ಕು ಇನ್ನೊಂದಿತ್ತು. ಹೊಸ ಧಾಟಿ ಕಟ್ಟಿದಾಗೆಲ್ಲ ಕಾಕಾ ತಂತಿಯ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿ, ನನ್ನ ಕಡೆ ತಿರುಗಿ, “ಹೆಂಗೈತಿ, ರೂಪಿ?” ಎಂದು ಕೇಳುತ್ತಿದ್ದ.

“ಭಾರಿ ಐತಿ, ಕಾಕಾ.”

ಪ್ರತಿ ಸಲ ಅದೇ ಉತ್ತರ. ಆದರೂ ಅವನು ಕೇಳುತ್ತಿದ್ದ. ಮನೆಯಲ್ಲಿ ನನ್ನನ್ನು ಊಟ ಆಯಿತೇ ಎಂದು ಕೇಳುವವರಿದ್ದರು. ಹೇಗಿದೆ ಎಂದು ಕೇಳುವವನು ಅವನೊಬ್ಬನೇ.

ಆ ವರ್ಷ ಘಟ್ಟ ಹಾಕಿದ ಮರುದಿನ ಖಾನಾಪುರದಿಂದ ಅತ್ತಿ, ಆಯಿಯ ಮಗಳು, ಬಂದಳು. ಒಂದು ಚೀಲ ಅವಲಕ್ಕಿ, ಒಂದು ಡಬ್ಬಿ ಬೆಣ್ಣೆ, ಜೊತೆಗೆ ಮಗಳು ವಿದ್ಯಾಳನ್ನು ಇಳಿಸಿ, ರಜೆ ಮುಗಿಯುವವರೆಗೆ ಇರಲಿ ಎಂದು ಹೇಳಿ ಹೋದಳು. ವಿದ್ಯಾ ನನಗಿಂತ ಕೆಲವೇ ತಿಂಗಳು ದೊಡ್ಡವಳು. ಎರಡು ಜಡೆ, ಮೊಣಕಾಲ ಮೇಲೆ ಗಾಯದ ಕಪ್ಪು. ಮರಾಠಿ ಬೆರೆತ ಕನ್ನಡ. ಮೆಟ್ಟಿಲು ಹತ್ತುತ್ತಲೇ ಮೆಣಸಿನ ಘಾಟಿಗೆ ಸಾಲುಸಾಲಾಗಿ ಸೀನಿ, “ಅಗ ಬಾಯೀ!” ಎಂದು ಅಲ್ಲೇ ಕೂತಳು. ನನಗೆ ಒಳಗೊಳಗೇ ಖುಷಿಯಾಯಿತು. ಇವಳು ಬಹಳ ದಿನ ಉಳಿಯುವುದಿಲ್ಲ ಅಂದುಕೊಂಡೆ.

ಅಂದು ಸಂಜೆಯೇ ಕಾಕಾ ನನ್ನ ಕೈಯೊಳಗಿನ ರಿಮೋಟು ತೆಗೆದು ಅವಳ ಕೈಗೆ ಕೊಟ್ಟ.

“ಕಾಕಾ, ಅದು ನಂದು!”

“ಊರಿಂದ ಪಾವಣಿ ಬಂದಾಳಬೇ. ಆಡಲಿ. ನೀ ದಿನಾ ಆಡ್ತಿ.”

ಅದು ಇಬ್ಬರು ಸಿಪಾಯಿಗಳು ಬಂದೂಕು ಹಿಡಿದು ಓಡುವ ಆಟ. ಆ ಆಟಕ್ಕೊಂದು ನಿಯಮವಿತ್ತು: ಒಬ್ಬ ಹಿಂದೆ ಉಳಿದರೆ ಪರದೆ ಮುಂದೆ ಸರಿಯುತ್ತಿರಲಿಲ್ಲ. ಮುಂದಿದ್ದವನು ಎಷ್ಟೇ ಓಡಿದರೂ ಪರದೆಯ ಅಂಚಿಗೆ ಹಣೆ ಹಚ್ಚಿ ನಿಂತಲ್ಲೇ ಕಾಲು ಬಡಿಯಬೇಕು. ವಿದ್ಯಾ ಹೇಗೋ ಬಿದ್ದು ಎದ್ದು ಗುಹೆಯ ಮಟ್ಟದವರೆಗೆ ಬಂದಳು. ಅಲ್ಲಿ ಸಂಗೀತ ಬದಲಾಗುತ್ತದೆ. ಅದು ಬದಲಾದದ್ದೇ ತಡ, ಅವಳ ಸಿಪಾಯಿ ನಿಂತುಬಿಟ್ಟ. ಅವಳು ಗುಂಡಿ ಒತ್ತಲೇ ಇಲ್ಲ. ಕಾಕಾನ ಸಿಪಾಯಿ ಅಂಚಿನಲ್ಲಿ ಕಾಲು ಬಡಿಯತೊಡಗಿದ.

“ಮುಂದ ನಡೀ ಬೇ!” ನಾನು ಒದರಿದೆ. “ಪರದೆ ಸರಿಯೂದಿಲ್ಲ, ಕಾಣಾಂಗಿಲ್ಲೇನು?”

“ತಡಿ. ಈ ಬಾಜಾ ಮುಗೀಲಿ.”

“ಅದು ಮುಗಿಯೂದಿಲ್ಲ! ತಿರುಗಿ ತಿರುಗಿ ಅದ ಬರ್ತೈತಿ!”

“ಬರಲಿ. ಮಾಮಾ, ಇಲ್ಲಿ ಕೇಳ. ಇಲ್ಲಿ ಅದು ಕೆಳಗ ಇಳೀತೈತಿ, ಮ್ಯಾಲೆ ಬರೂದ ಇಲ್ಲ. ಬಾವ್ಯಾಗ ಕೊಡಾ ಬಿಟ್ಟಂಗ.”

ಕಾಕಾ ರಿಮೋಟು ಕೆಳಗಿಟ್ಟ. ಆಟದ ನಡುವೆ ಅವನು ರಿಮೋಟು ಇಟ್ಟದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ. ಅಪ್ಪ ಕರೆದರೂ ಇಡುತ್ತಿರಲಿಲ್ಲ. ಗಿಟಾರ್ ಎತ್ತಿಕೊಂಡು ಆ ಇಳಿಯುವ ಜಾಗವನ್ನು ತಂತಿಯ ಮೇಲೆ ಹುಡುಕತೊಡಗಿದ. ವಿದ್ಯಾ ತಲೆಯಾಡಿಸುತ್ತಿದ್ದಳು, ಹೌದು, ಅಲ್ಲ, ಹೌದು. ಇಬ್ಬರು ಸಿಪಾಯಿಗಳೂ ಪರದೆಯ ಮೇಲೆ ಸತ್ತುಹೋದರು. ಯಾರಿಗೂ ಅದರ ಖಬರೇ ಇಲ್ಲ.

ಆಯಿ ನನ್ನ ಮುಖ ನೋಡಿದಳು. “ಯಾಕ, ಹೊಟ್ಟ್ಯಾಗ ಒಲಿ ಹಚ್ಚೀಯೇನು? ಒಂದು ಬಟ್ಟಲ ಮಜ್ಜಿಗಿ ಕುಡದ ಬಾ ಹೋಗು.”

ಕುಡಿದೆ. ಅದರಿಂದ ಏನೂ ಆರಲಿಲ್ಲ.

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಕಾಕಾ ಮತ್ತು ಅವನ ಗೆಳೆಯರಿಬ್ಬರು, ಒಬ್ಬ ಡ್ರಮ್ಮಿನವನು, ಒಬ್ಬ ಬೇಸ್ ಗಿಟಾರಿನವನು, ಕಾರ್ಖಾನೆಯ ಶೆಡ್ಡಿನಲ್ಲಿ ತಮ್ಮದೇ ಹಾಡೊಂದನ್ನು ನುಡಿಸುವುದಿತ್ತು. ಜನರ ಮುಂದೆ ಅದೇ ಮೊದಲು. ಮಾಲಕರು ಹೇಗೋ ಒಪ್ಪಿದ್ದರು: “ಒಂದ ಹಾಡು ನೋಡಪಾ ಶಿವಾನಂದ. ಮಂದೀಗೆ ಊಟಕ್ಕ ತಡಾ ಆಗಬಾರದು.” ಆ ಒಂದೇ ಹಾಡಿಗಾಗಿ ಕಾಕಾ ವಾರವಿಡೀ ತಿದ್ದುತ್ತ ಕೂತ. ಒಂದು ಸಂಜೆ ಪೂರ್ತಿ ನುಡಿಸಿ, ತಂತಿಯ ಮೇಲೆ ಅಂಗೈ ಇಟ್ಟ. ನಾನು ಬಾಯಿ ತೆರೆದು ತಯಾರಾದೆ.

“ಹೆಂಗೈತಿ, ವಿದ್ಯಾ?”

ಅವಳು ಅವಸರ ಮಾಡಲಿಲ್ಲ. ಜಡೆಯ ತುದಿ ತಿರುವುತ್ತ ಕೂತು ಆಮೇಲೆ ಅಂದಳು: “ನಡುವ ಭಾಳ ಗದ್ದಲ ಐತಿ, ಮಾಮಾ. ಅಲ್ಲೊಂದೀಟು ನಿಲ್ಲಬೇಕು.”

ಕಾಕಾ ನಕ್ಕ. ನಕ್ಕು, ಹಾಡಿನ ನಡುವೆ ಪೂರಾ ನಿಲ್ಲಿಸಿ, ಉಸಿರು ಎಳೆದುಕೊಂಡು, ಮತ್ತೆ ಶುರು ಮಾಡಿದ. ಖರೇ ಹೇಳಬೇಕೆಂದರೆ ನನ್ನ ಮೈಮೇಲೆ ಮುಳ್ಳೆದ್ದವು. ಆ ಮುಳ್ಳಿನ ಮೇಲೂ ನನಗೆ ಸಿಟ್ಟು ಬಂತು.

“ನಾನೂ ಹಂಗ ಅನ್ನೋಳಿದ್ದೆ,” ಅಂದೆ.

“ಅನ್ನಬೇಕಿತ್ತವ್ವಾ ಮತ್ತ,” ಅಂದ ಕಾಕಾ. ಅವನು ತಮಾಷೆಗೇ ಅಂದದ್ದು. ನಾನು ಆ ಮಾತನ್ನು ಇನ್ನೂ ಮರೆತಿಲ್ಲ.

ಮರುದಿನದಿಂದ ನಾನೂ ಅಭಿಪ್ರಾಯ ಹೇಳತೊಡಗಿದೆ. ಎಲ್ಲದರ ಮೇಲೂ. ಊಟಕ್ಕೆ ಕೂತು ಝುಣಕಾದ ಒಂದು ತುತ್ತು ಬಾಯಿಗಿಟ್ಟು, “ನಡುವ ಭಾಳ ಗದ್ದಲ ಐತಿ, ಅವ್ವಾ,” ಅಂದೆ.

“ಏನಂದೀ? ತಾಟು ಎತ್ತಲೇನು?” ಅಂದಳು ಅವ್ವ.

ವಿದ್ಯಾ ರೊಟ್ಟಿ ಮುರಿಯುತ್ತಿದ್ದವಳು ಫಕ್ಕನೆ ನಕ್ಕಳು. ಅವಳ ಮೂಗಿಗೆ ಖಾರ ಹತ್ತಿ ನೀರು ಕುಡಿಸಬೇಕಾಯಿತು. ಬೆನ್ನು ತಟ್ಟಿದವನು ಮತ್ತೆ ಕಾಕಾನೇ.

ಖಂಡೇ ಪೂಜೆಯ ದಿನ ಆಟೋ ನಗರ ಗುರುತು ಸಿಗುತ್ತಿರಲಿಲ್ಲ. ವರ್ಷವಿಡೀ ಕರ್ರಗೆ ಎಣ್ಣೆ ಬಳಿದುಕೊಂಡಿದ್ದ ಲೇತುಗಳು ಮಿಂದು ವಿಭೂತಿ, ಕುಂಕುಮ ಹಚ್ಚಿಕೊಂಡು, ಚೆಂಡು ಹೂವಿನ ಮಾಲೆ ಹಾಕಿಕೊಂಡು ನಿಂತಿದ್ದವು. ಊದಿನಕಡ್ಡಿ, ಮಷಿನ್ ಎಣ್ಣೆ, ಒಡೆದ ಕಾಯಿ ಮೂರೂ ಬೆರೆತ ವಾಸನೆ. ಇವತ್ತಿಗೂ ಯಾವ ಗ್ಯಾರೇಜಿನ ಮುಂದೆ ಹಾದುಹೋದರೂ ನನಗೆ ಕಾಯಿ ಒಡೆದ ವಾಸನೆ ಬಂದಂತಾಗುತ್ತದೆ. ಕೆಲಸಗಾರರು, ಅವರ ಹೆಂಡಿರು ಮಕ್ಕಳು ಚಾಪೆಯ ಮೇಲೆ ತುಂಬಿದ್ದರು. ವಿದ್ಯಾ ಮತ್ತು ನಾನು ಮುಂದಿನ ಸಾಲಿನಲ್ಲಿ, ನಡುವೆ ಆಯಿ. ಕಾಕಾನ ಟೇಪ್ ರೆಕಾರ್ಡರ್ ಆಯಿಯ ಮಡಿಲಲ್ಲಿ. “ಕೆಂಪು ಗುಂಡಿ ಒತ್ತಿ ಸುಮ್ಕ ಕುಂದ್ರಬೇ ಯವ್ವಾ,” ಎಂದು ಅವಳಿಗೆ ಹೇಳಿಕೊಟ್ಟಿದ್ದ. ನಮ್ಮಿಬ್ಬರಲ್ಲಿ ಯಾರಿಗೂ ಕೊಟ್ಟಿರಲಿಲ್ಲ, ಅವನೇನು ಹುಚ್ಚನಲ್ಲ.

ಹಾಡು ಶುರುವಾಯಿತು. ತಗಡಿನ ಛಾವಣಿ ಗುಂಯ್ ಎಂದಿತು. ಕಾಕಾನ ದನಿ ಎರಡು ಕಡೆ ಒಡೆಯಿತು, ಅವನಿಗೆ ಬೇಕಾದ ಹಾಗೆಯೇ. ಆಮೇಲೆ ಬಂತು ವಿದ್ಯಾಳ ಜಾಗ. ಮೂವರೂ ಒಮ್ಮೆಲೇ ನುಡಿಸುವುದು ನಿಲ್ಲಿಸಿದರು.

ಶೆಡ್ಡಿನಲ್ಲಿ ಸದ್ದಿಲ್ಲ. ಅಷ್ಟರಲ್ಲಿ ಮಾಲಕರು ಎದ್ದು ಚಪ್ಪಾಳೆ ತಟ್ಟಿದರು. “ಭಾರಿ ಆತು! ಏಳ್ರಿ, ಊಟಕ್ಕ ಏಳ್ರಿ ಎಲ್ಲಾರೂ!” ಜನ ಚಪ್ಪಾಳೆ ಹೊಡೆಯುತ್ತ ಸೀರೆ ಕೊಡವಿ ಏಳತೊಡಗಿದರು. ಹಿಂದೆ ಪಾತ್ರೆಗಳ ಸದ್ದಾಯಿತು. ಕಾಕಾ ಕೈ ಎತ್ತಿದವನು ಹಾಗೇ ನಿಂತ. ಮುಖ ಸುಣ್ಣದಂತಾಗಿತ್ತು. ಡ್ರಮ್ಮಿನವನು ಅವನನ್ನು ನೋಡಿದ. ಕಾಕಾ ತನ್ನ ಚಪ್ಪಲಿ ನೋಡಿಕೊಂಡ. ವಿದ್ಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳು ನಿಲ್ಲಿಸು ಅಂದಲ್ಲೇ ಹಾಡು ಸತ್ತುಹೋಗಿತ್ತು.

ನನಗೆ ಖುಷಿಯಾಗಬೇಕಿತ್ತು. ವಾರದಿಂದ ಬೇಡಿಕೊಂಡದ್ದು ಅದನ್ನೇ. ಆದರೆ ಕಾಕಾ ಪರದೆಯ ಅಂಚಿಗೆ ಹಣೆ ಹಚ್ಚಿ ನಿಂತ ಸಿಪಾಯಿಯ ಹಾಗೆ ಕಂಡ. ನಾನು ಚಾಪೆಯ ಮೇಲೆ ಎದ್ದು ನಿಂತು, ಟೀವಿಯ ಮುಂದೆ ಒದರುವ ದನಿಯಲ್ಲೇ ಒದರಿದೆ:

“ಇನ್ನೂ ಐತ್ರೀ! ಮುಗಿದಿಲ್ರೀ! ಕುಂದರ್ರೀ ಎಲ್ಲಾರೂ!”

ಮಾಲಕರು ಅರ್ಧ ತಿರುಗಿದವರು ಬೆಚ್ಚಿ ಕೂತರು. ಅವರು ಕೂತದ್ದು ನೋಡಿ ಉಳಿದವರೂ ಕೂತರು. ಕಾಕಾ ನನ್ನನ್ನು ನೋಡಿದ, ಉಸಿರು ಎಳೆದುಕೊಂಡ. ಡ್ರಮ್ಮು ಗುಡುಗಿತು.

ರಾತ್ರಿ ಊಟದ ಮೇಲೆ ಟೇಪು ಹಾಕಿ ಕೇಳಿದೆವು. ನಡುವೆ ನನ್ನ ಕೀರಲು ದನಿ ಬಂದಾಗ ಎಲ್ಲರೂ ನಕ್ಕರು. ಟೇಪು ನಿಂತ ಮೇಲೆ ಕಾಕಾ ತಿರುಗಿ ಕೇಳಿದ: “ಹೆಂಗೈತಿ, ರೂಪಿ?”

ಭಾರಿ ಐತಿ ಎನ್ನಲು ಬಾಯಿ ತೆರೆದವಳು ತಡೆದೆ. ಯಾರದೂ ಅಲ್ಲದ, ನನ್ನದೇ ಒಂದು ಮಾತು ಬಂತು.

“ಕೊನಿ ಭಾಳ ಲಗೂ ಮುಗೀತು, ಕಾಕಾ.”

ಅವನು ನಗಲಿಲ್ಲ. “ಹೌದಲ್ಲ,” ಅಂದ, ತನಗೇ ಅಂದುಕೊಂಡಂತೆ. ಆ ಒಂದು ಹೌದಿನ ಮೇಲೆ ನಾನು ಆ ರಾತ್ರಿ ನಿದ್ದೆ ಮಾಡಿದೆ.

ಮರುದಿನ ದಸರೆ. ಬನ್ನಿ ಕೊಡುವಾಗ ಆಯಿ ಪಟ್ಟು ಹಿಡಿದಳು: “ವಿದ್ಯಾ ನಿನಗಿಂತ ದೊಡ್ಡಾಕಿ. ಕಾಲ ಮುಟ್ಟಿ ಕೊಡು.” ನಾನು ಹಲ್ಲು ಕಚ್ಚಿ, ಬಗ್ಗಿದೆನೋ ಇಲ್ಲವೋ ಎಂಬಂತೆ ಬಗ್ಗಿ, ಎಲೆ ಕೈಗಿಟ್ಟು, “ಬಂಗಾರದಂಗ ಇರೂಣು,” ಅಂದೆ. ಅವಳು ನನಗೂ ಎಲೆ ಕೊಟ್ಟಳು. ಆಮೇಲೆ ಕೇಳಿದಳು: “ನಾ ಗುಹೆದಾಗ ಯಾಕ ನಿಂದರ್ತಿದ್ದೆ, ಗೊತ್ತೈತೇನು?”

“ನಿನಗ ಆಡಾಕ ಬರೂದಿಲ್ಲ, ಅದಕ್ಕ.”

“ಅದೂ ಖರೇ. ನಮ್ಮ ಮನ್ಯಾಗ ಈ ಗೇಮು ಇಲ್ಲಲ್ಲ. ಊರಿಗೆ ಹೋದಮ್ಯಾಲ ಆ ಬಾಜಾ ಮತ್ತ ಕೇಳಾಕ ಸಿಗೂದಿಲ್ಲ. ಬಾಯಿಪಾಠ ಮಾಡ್ಕೋತಿದ್ದೆ.” ಎಲೆಯನ್ನು ಜಡೆಗೆ ಸಿಕ್ಕಿಸಿಕೊಂಡು, “ನಿನಗೇನು, ದಿನಾ ಕೇಳ್ತಿ,” ಅಂದಳು. ಅವಳ ಕಣ್ಣಿನಲ್ಲಿ ಇದ್ದದ್ದು ಏನೆಂದು ನನಗೆ ಕೂಡಲೇ ಗೊತ್ತಾಯಿತು. ವಾರದಿಂದ ನನ್ನ ಹೊಟ್ಟೆಯಲ್ಲಿ ಇದ್ದದ್ದೂ ಅದೇ.

ಈಗ ಆಯಿ ಇಲ್ಲ. ಆ ಟೇಪು ತೇವ ಹತ್ತಿ ಅಂಟಿಕೊಂಡು ಹೋಯಿತು. ಕಾಕಾನ ಗೆಳೆಯರು ಒಬ್ಬೊಬ್ಬರು ಒಂದೊಂದು ಊರಿಗೆ ಹೋದರು. ಅವನಿಗೆ ಈಗ ಆಟೋ ನಗರದಲ್ಲಿ ಸ್ವಂತ ಕಾರ್ಖಾನೆ, ಗಿಟಾರು ಕಪಾಟಿನ ಮೇಲೆ. ವಿದ್ಯಾಳನ್ನು ಪಾರಿಶ್ವಾಡಕ್ಕೆ ಕೊಟ್ಟರು. ಅಲ್ಲಿಯ ಸಾಲಿಯಲ್ಲಿ ಕಲಿಸುತ್ತಾಳೆ. ನಾನು ಇನ್ನೂ ಆಡುತ್ತೇನೆ. ನನ್ನ ಮಗನ ಆಟಗಳನ್ನೂ ಆಡಿ ನೋಡಿದ್ದೇನೆ. ಚಿತ್ರ ಎಷ್ಟು ಚೆಂದ ಎಂದರೆ ಹುಲ್ಲಿನ ಎಸಳೂ ಅಲ್ಲಾಡುತ್ತದೆ. ಆದರೆ ಆಟ ಮಾತನಾಡುವುದು ಬಹಳವಾಯಿತು, ಮತ್ತು ಹುಡುಗರು ಸಂಗೀತ ಬಂದ್ ಮಾಡಿ ಆಡುತ್ತಾರೆ. ಇನ್ನೂ ಒಂದಿದೆ. ಈಗ ಒಬ್ಬರು ಹಿಂದೆ ಉಳಿದರೆ ಅವರ ಪರದೆ ಅವರಿಗೆ, ನಮ್ಮ ಪರದೆ ನಮಗೆ. ಯಾರೋ ನಿಂತರೆಂದು ಎಲ್ಲರೂ ನಿಲ್ಲುವ ಆಟ ನನಗೆ ಮತ್ತೆ ಸಿಕ್ಕಿಲ್ಲ.

ಹೋದ ತಿಂಗಳು ಕಾಕಾ ಗಿಟಾರು ಕೆಳಗಿಳಿಸಿ ಒಂದು ಹೊಸ ಧಾಟಿ ನುಡಿಸಿ ಫೋನಿಗೆ ಕಳಿಸಿದ. ಜೊತೆಗೆ ಒಂದೇ ಸಾಲು: ಹೆಂಗೈತಿ, ರೂಪಿ? ಆಫೀಸಿನ ಮೆಟ್ಟಿಲ ಮೇಲೆ ಕೂತು ಮತ್ತೆ ಮತ್ತೆ ಕೇಳಿದೆ. ಕೆಮ್ಮು ಇರಲಿಲ್ಲ. ನಡುವೆ ಒಂದು ಕಡೆ ಎಲ್ಲ ನಿಂತು, ಬಾವಿಯಲ್ಲಿ ಕೊಡ ಬಿಟ್ಟಂತೆ ಇಳಿಯುತ್ತಿತ್ತು. ಕೂಡಲೇ ಫೋನು ಹಚ್ಚಿದೆ.

“ಕಾಕಾ, ಇದನ್ನ ವಿದ್ಯಾಗೂ ಕಳಿಸೂಣೇನು?”

“ಅಕಿಗೆ ಮೊನ್ನೇನ ಕಳಿಸೀನಲ್ಲಬೇ. ಅಕಿ ಹೇಳಿದಮ್ಯಾಲ ನಡುವ ತಿದ್ದಿ, ನಿನಗ ಕಳಿಸಿದ್ನಿ.”

ನಾನು ಫೋನನ್ನು ಇನ್ನೊಂದು ಕಿವಿಗೆ ಹಚ್ಚಿಕೊಂಡೆ.

“ರೂಪಿ? ಅದೀಯಿಲ್ಲೋ?”

“ಅದೀನಿ,” ಅಂದೆ. “ಕೊನಿ ಭಾಳ ಲಗೂ ಮುಗೀತೈತಿ, ಕಾಕಾ.”