ಚಾವಡಿಯ ಏರಿಯಲ್ ಹಿಡಿಕೆ

ಬೆಸುಗೆಯ ಹೊಗೆ ಮೂಗಿಗೆ ಬಡಿದರೆ ನನಗೆ ಈ ವಯಸ್ಸಿನಲ್ಲೂ ಸಿಟ್ಟು ಬರುತ್ತದೆ. ನಿನ್ನೆ ಮೊಮ್ಮಗಳು ಕಾಲೇಜಿನ ಕೆಲಸವೆಂದು ಊಟದ ಮೇಜಿನ ಮೇಲೆ ಆಪ್ ಆಂಪ್ ಎಂಬ ಎಂಟು ಕಾಲಿನ ಚಿಪ್ ಒಂದನ್ನು ಬೆಸೆಯುತ್ತ ಕೂತಿದ್ದಳು.

"ಸಪ್ಲೈಗಿಂತ ಹೆಚ್ಚಿನ ವೋಲ್ಟೇಜ್ ಒಳಗ ಹೊಕ್ಕರ ಇದು ಸುಟ್ಟು ಹೋಗತೈತಿ ಅಜ್ಜಾ. ಅದಕ್ಕ ಮುಂದ ಒಂದು ರೆಸಿಸ್ಟರ್, ಬಾಜೂಕ ಎರಡು ಡಯೋಡ್. ಹೆಚ್ಚಾಗಿದ್ದನ್ನ ಹೊರಗ ಹಾಯಿಸ್ತಾವ. ಯಾರನ್ನೂ ಕೇಳಂಗಿಲ್ಲ."

ಆ ಕೊನೆಯ ಮಾತಿಗೆ ನಾನು ಚಹಾ ಕುಡಿಯುವುದನ್ನು ಬಿಟ್ಟು ಹಳೆಯ ಕಥೆ ತೆಗೆದೆ.

ಅರವತ್ತರ ದಶಕದಲ್ಲಿ ಗೋಕಾಕದಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಜನ ರೇಡಿಯೋ ಮಾಸ್ತರ ಎನ್ನುತ್ತಿದ್ದರು, ನಾನೂ ಉಬ್ಬಿಹೋಗಿದ್ದೆ. ಹುಕ್ಕೇರಿ ಕಡೆಯ ಒಂದು ಹಳ್ಳಿಯವರು (ಹೆಸರು ಬೇಡ ಬಿಡಿ) ಚಾವಡಿಗೆ ರೇಡಿಯೋ ಕೂಡಿಸಲು ಕರೆದರು. ಮೇಲೆ ಉದ್ದನೆಯ ಏರಿಯಲ್ ತಂತಿ ಕಟ್ಟಿ, ಒಳಗಿನ ಗೋಡೆಗೆ ಹಿಡಿಕೆಯ ಸ್ವಿಚ್ ಹಾಕಿದೆ. ಗುಡುಗು ಕೇಳಿದೊಡನೆ ಹಿಡಿಕೆ ಕೆಳಗೆಳೆದರೆ ಸಿಡಿಲಿನ ಹೊಡೆತ ರೇಡಿಯೋ ಬಿಟ್ಟು ನೆಲಕ್ಕಿಳಿಯಬೇಕು. ಎರಡೆರಡು ಸಲ ಹೇಳಿದೆ. ನೆರೆದವರ ಕಿವಿಯೆಲ್ಲ ಹಾಡಿನ ಮೇಲೆ. ಅಂಗಳದಲ್ಲಿ ನಿಂತಿದ್ದ ಊರ ಕಾವಲು ಕಾಯುವ ವಾಲೀಕಾರ ಮಲ್ಲಪ್ಪನೊಬ್ಬನೇ ಕೇಳಿದ, "ಗುಡುಗು ದೂರ ಇದ್ದರೂ ಎಳೀಬೇಕೇನ್ರಿ?"

ಅವನ ಕೇರಿಯವರು ಚಾವಡಿಯ ಕಟ್ಟೆ ಹತ್ತುವಂತಿರಲಿಲ್ಲ. ಅಸ್ಪೃಶ್ಯತೆಯ ವಿರುದ್ಧ ಕಾಯ್ದೆ ಬಂದು ವರ್ಷಗಳಾಗಿದ್ದವು, ಆದರೆ ಕಾಯ್ದೆಗೂ ಆ ಕಟ್ಟೆ ಹತ್ತುವ ತಾಕತ್ತಿರಲಿಲ್ಲ. ಹಿರಿಯರು ಒಂದು ಏರ್ಪಾಡು ಮಾಡಿದರು. ಮೋಡ ನೋಡಿ ಕರೆಯುವುದು ಮಲ್ಲಪ್ಪನ ಕೆಲಸ, ಹಿಡಿಕೆ ಮುಟ್ಟುವುದು ಬೇರೆಯವರದು. ಎಂಥ ಜಾಣತನ ನೋಡಿ. ಹಿಡಿಕೆಯನ್ನು ಹೊರಗೋಡೆಗೆ ಹಾಕಿದ್ದರೆ ಮಲ್ಲಪ್ಪನೇ ಎಳೆಯಬಹುದಿತ್ತು, ಇನ್ನು ನಾಲ್ಕು ಮೊಳ ತಂತಿ ಸಾಕಿತ್ತು. ನನಗೂ ಹೊಳೆಯಲಿಲ್ಲ, ಅಥವಾ ಹೊಳೆದರೂ ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಗುಡುಗು ಸಿಡಿಲಿನ ಅಡ್ಡಮಳೆ ಏರಿಬಂತು. ಊರೆಲ್ಲ ಪಂಚಾಯ್ತಿ ಚೇರಮನ್ನರ ಮನೆಯ ಮದುವೆಯ ಊಟಕ್ಕೆ ಕೂತಿತ್ತು. ಮಲ್ಲಪ್ಪ ಚಪ್ಪರದ ಹೊರಗೆ ನಿಂತು ಕೂಗಿದ, "ಯಪ್ಪಾ, ಯಾರರ ಬಂದು ಹಿಡಿಕಿ ಎಳೀರಿ."

"ಉಂಡು ಬರ್ತೇವಿ, ನಿಂದರ" ಎಂದರು. ಮೂರು ಸಲ ಓಡಿ ಬಂದು ಕರೆದ. ಅವರು ಕೈ ತೊಳೆಯುವುದರೊಳಗೆ ರೇಡಿಯೋ ಸುಟ್ಟಿತ್ತು.

ಮರುದಿನ ನನ್ನನ್ನು ಕರೆಸಿದರು. ಬಸ್ಸಿನಿಂದ ಇಳಿದ ಕೂಡಲೇ ಮಲ್ಲಪ್ಪ ಇಷ್ಟನ್ನೂ ನನಗೆ ಹೇಳಿ, "ನಾ ಕರದಿದ್ದು ಒಂದೀಟು ಹೇಳ್ರಿ" ಎಂದ. ಅವನ ಮನೆಯ ಒಲೆ ಆ ಕೆಲಸದ ಮೇಲೆಯೇ ಉರಿಯುತ್ತಿತ್ತು.

ಚಾವಡಿಯಲ್ಲಿ ಚೇರಮನ್ನರು, "ಇಂವಾ ಹೊತ್ತಿಗೆ ಸರಿಯಾಗಿ ಕರೀಲಿಲ್ಲ, ಕೆಲಸದಿಂದ ತಗದೇವಿ. ನೀವ ಹೇಳ್ರಿ ಮಾಸ್ತರ, ಹಿಡಿಕಿ ಎಳದಿದ್ರ ರೇಡಿಯೋ ಉಳೀತಿತ್ತಿಲ್ಲೋ?" ಎಂದರು.

"ಉಳೀತಿತ್ರಿ" ಎಂದೆ. ಅಂಗಳದಿಂದ ಮಲ್ಲಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

ಆ ದುಷ್ಟರನ್ನು ಅಂದಿನಿಂದಲೂ ಬೈಯುತ್ತಿದ್ದೇನೆ. ನಿನ್ನೆ ಮೊಮ್ಮಗಳ ಮುಂದೆಯೂ ಇಡೀ ಕಥೆ ಹೇಳಿ ಮನಸಾರೆ ಬೈದೆ. ಅವಳು ಬೆಸುಗೆ ಕಡ್ಡಿ ಕೆಳಗಿಟ್ಟಳು.

"ಅಂವಾ ಕರದಿದ್ದು ನಿನಗ ಗೊತ್ತಿತ್ತಲ್ಲ ಅಜ್ಜಾ. ಆಮ್ಯಾಲ ನೀ ಏನಂದಿ?"

"ರೇಡಿಯೋಕ್ಕ ಹೊಸಾ ಕಾಯಿಲ್ ತರಸಬೇಕು ಅಂದೆ."

ಹಿರಿಯರಿಗೆಂದು ಇಟ್ಟುಕೊಂಡಿದ್ದ ಇನ್ನೊಂದು ಬೈಗುಳ ಬಾಯಲ್ಲೇ ಉಳಿಯಿತು. ಅದಕ್ಕೆ ತಕ್ಕ ಮನುಷ್ಯ ಆರಿದ ಚಹಾ ಹಿಡಿದು ಮೇಜಿನ ಈಚೆ ಕೂತಿದ್ದ.