ಮಾಳಪ್ಪ ಮುಂದೆ ನಡೆದ ದಿನ

ಪುರ್ತಗೇರಿಯ ಮಾಳಪ್ಪನಿಗೆ ಈಗ ಅರವತ್ತಮೂರು. ಅದರಲ್ಲಿ ನಲವತ್ತೈದು ವರ್ಷ ಕುರಿಹಿಂಡಿನ ಹಿಂದೆ ಹೋದವು. ಗಜೇಂದ್ರಗಡದ ಗುಡ್ಡಸಾಲಿನಲ್ಲಿ ಯಾವ ಕೊಳ್ಳದಲ್ಲಿ ಬೇಸಿಗೆಯಲ್ಲೂ ನೀರು ಒಸರುತ್ತದೆ, ಯಾವ ಬಂಡೆಯ ಕೆಳಗೆ ಮಳೆ ಬಂದಾಗ ಇಪ್ಪತ್ತು ಕುರಿ ನಿಲ್ಲಬಹುದು ಎಂದು ಕೇಳಿದರೆ ಊರವರು ಅವನ ಮನೆ ತೋರಿಸುತ್ತಿದ್ದರು. ಮೂರು ವರ್ಷದ ಹಿಂದೆ ಮಗ ಹಾಲೇಶ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳ ಕಾವಲು ಕೆಲಸಕ್ಕೆ ಸೇರಿಕೊಂಡ. ಒಬ್ಬನೇ ಹಿಂಡು ಕಾಯುವುದು ಆಗದ ಮಾತು ಎಂದು ಮಾಳಪ್ಪ ಕುರಿಗಳನ್ನು ಮಾರಿದ. ಅಂದಿನಿಂದ ಬೆಳಿಗ್ಗೆ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡು ಊರ ಅಗಸಿಬಾಗಿಲವರೆಗೆ ಹೋಗುವುದು, ಅಲ್ಲಿ ನಿಂತು ಎತ್ತ ಹೋಗಬೇಕೆಂದು ತಿಳಿಯದೆ ಮನೆಗೆ ತಿರುಗುವುದು.

ಹೀಗಿರುವಾಗ ಹುಬ್ಬಳ್ಳಿಯಿಂದ ದೇವಿಕಾ ಎಂಬ ಹೆಣ್ಣುಮಗಳು ಊರಿಗೆ ಬಂದಳು. ಪೇಟೆಯ ಜನರನ್ನು ಕಟ್ಟಿಕೊಂಡು ಗುಡ್ಡ ಸುತ್ತಿಸುವುದು ಅವಳ ಕೆಲಸ. ಗುಡ್ಡ ಬಲ್ಲವರು ಯಾರೆಂದು ಕೇಳಿ ನೇರ ಮಾಳಪ್ಪನ ಕಟ್ಟೆಯ ಮೇಲೆ ಬಂದು ಕುಳಿತಳು.

"ಕಾಕಾ, ಹನ್ನೊಂದು ಮಂದಿ ಬರ್ತೀವಿ. ಮ್ಯಾಲಿನ ಸಣ್ಣ ಸಣ್ಣ ಹಳ್ಳಿ ನೋಡ್ಕೋತ ಊಟದ ಹೊತ್ತಿಗೆ ಕಲ್ಲಕೊಪ್ಪ ಮುಟ್ಟಬೇಕು. ನೀವು ದಾರಿ ತೋರಿಸ್ರಿ."

"ಕಲ್ಲಕೊಪ್ಪಕ್ಕ ಬಸ್ ಐತಲ್ರಿ ಮೇಡಮ್ಮಾರ. ಒಂಬತ್ತಕ್ಕ ಬಿಡ್ತೈತಿ."

"ಗೊತ್ತೈತಿ ಕಾಕಾ. ನಮಗ ನಡಕೊಂಡು ಹೋಗೋದೈತಿ."

"ಅಲ್ಲೇನು ಕೆಲಸರಿ?"

"ಕೆಲಸ ಏನೂ ಇಲ್ಲ. ನಡ್ಯೋದ ಕೆಲಸ."

ಮಾಳಪ್ಪ ತಲೆಯಾಡಿಸಿದನೇ ಹೊರತು ಒಂದಕ್ಷರವೂ ಒಳಗೆ ಇಳಿಯಲಿಲ್ಲ. ಹರಕೆ ಇರಬೇಕು ಎಂದುಕೊಂಡ. ಆದರೆ ದೇವರ ಹೆಸರನ್ನು ಅವಳು ಎತ್ತಿರಲಿಲ್ಲ. ಹೆಂಡತಿ ಕರೆವ್ವ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಕಲ್ಲಕೊಪ್ಪದಲ್ಲಿ ಅವಳ ತಂಗಿ ಇದ್ದಳು. ಹನ್ನೊಂದು ಮಂದಿಗೆ ರೊಟ್ಟಿ ಬಡಿದಿಡು ಎಂದು ಅವಳಿಗೆ ಫೋನು ಮಾಡಿಸಿದಳು.

ಶ್ರಾವಣ ಹಿಡಿದು ಎರಡನೆಯ ದಿನ. ಜಿಟಿ ಜಿಟಿ ಮಳೆ, ಗುಡ್ಡದ ನೆತ್ತಿಯ ಮೇಲೆ ಮಂಜು. ಬಂದವರೆಲ್ಲ ದಪ್ಪ ಬೂಟು ಹಾಕಿ ಎರಡೆರಡು ಕೋಲು ಹಿಡಿದಿದ್ದರು. ಮಾಳಪ್ಪ ಜೀವಮಾನದಲ್ಲಿ ಒಂದೇ ಕೋಲು ಹಿಡಿದವನು, ಅದೂ ಕುರಿಗೆಂದು. ಇವರ ಮುಂದೆ ಕುರಿಯೂ ಇಲ್ಲ, ಕೈಯಲ್ಲಿ ಎರಡು ಕೋಲು! ಅವರಲ್ಲಿ ಮುಜಫ್ಫರ ಎಂಬ ನಿವೃತ್ತ ಹೆಡ್‌ಮಾಸ್ತರರಿದ್ದರು. ಬಿಳಿ ಗಡ್ಡದ ಗಂಭೀರ ಮನುಷ್ಯ. ಕಂಡ ಕಂಡ ಗಿಡದ ಹೆಸರು ಕೇಳಿ ಕೇಳಿ ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

"ಕಾಕಾ, ನೀವು ಮುಂದ ನಡೀರಿ," ಎಂದಳು ದೇವಿಕಾ.

ಮಾಳಪ್ಪ ಮುಂದೆ ನಡೆದ. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಬೆನ್ನ ಹಿಂದೆ ಏನಾಗುತ್ತಿದೆಯೋ ಎಂಬ ಕಳವಳ ಹುಟ್ಟಿತು. ದಾರಿ ಬಿಟ್ಟು ಸರಿದು ನಿಂತ. ಎಲ್ಲರೂ ಮುಂದೆ ಹೋಗಲಿ, ಎಣಿಸಿಕೊಂಡು ಹಿಂದಿನಿಂದ ಬರುತ್ತೇನೆ ಎಂಬುದು ಅವನ ಲೆಕ್ಕ. ಅವನು ನಿಂತದ್ದು ನೋಡಿ ಅವರೂ ನಿಂತರು. ಅವನು ಅವರನ್ನು ಕಾದ, ಅವರು ಅವನನ್ನು ಕಾದರು. ಮಳೆ ಎಲ್ಲರ ಮೇಲೂ ಬೀಳುತ್ತಿತ್ತು.

"ಯಾಕ ನಿಂತ್ರಿ?" ಎಂದು ಮಾಳಪ್ಪ ಕೇಳಿದ.

"ನೀವು ನಿಂತ್ರಿ ಅಂತ ನಾವು ನಿಂತ್ವಿ," ಎಂದರು ಮುಜಫ್ಫರ ಸರ್.

ಹೀಗೆ ನಾಲ್ಕು ಸಲ ಆಯಿತು. ಐದನೆಯ ಸಲಕ್ಕೆ ದೇವಿಕಾ ಅವನ ಹಿಂದೆಯೇ ನಿಂತು, ಅವನು ಹೊರಳಿದರೆ ಮುಂದಕ್ಕೆ ಕೈ ತೋರಿಸತೊಡಗಿದಳು.

ಗುಡ್ಡದ ನೆತ್ತಿಗೆ ಬರುವಷ್ಟರಲ್ಲಿ ಮಂಜು ದಟ್ಟವಾಯಿತು. ಅಲ್ಲಿ ಕವಲು ದಾರಿ ಬರಬೇಕಿತ್ತು, ಕವಲಿನಲ್ಲಿ ಮೂರು ದೊಡ್ಡ ಗುಂಡುಕಲ್ಲುಗಳು. ಗುಂಡು ಇರಲಿಲ್ಲ. ಅವುಗಳ ಜಾಗದಲ್ಲಿ ಲಾರಿ ಹೋಗುವಷ್ಟು ಅಗಲದ ಮಣ್ಣಿನ ರಸ್ತೆ ಫ್ಯಾನಿನಿಂದ ಫ್ಯಾನಿಗೆ ಹೋಗಿತ್ತು. ಮಂಜಿನಲ್ಲಿ ಫ್ಯಾನಿನ ಕಂಬದ ಬುಡ ಮಾತ್ರ ಕಾಣುತ್ತಿತ್ತು, ಮೇಲೆ ರೆಕ್ಕೆಗಳ ಭರ್ ಭರ್ ಸಪ್ಪಳ. ಒಂದು ಕಂಬ ದಾಟಿದರೆ ಅಂಥದೇ ಇನ್ನೊಂದು. ಅದೇ ಕಂಬವನ್ನು ಎರಡು ಸಲ ದಾಟಿದೆವೇ, ಎರಡು ಕಂಬಗಳನ್ನು ಒಂದೊಂದು ಸಲ ದಾಟಿದೆವೇ ಎಂಬುದು ಮಾಳಪ್ಪನಿಗೆ ಬಗೆಹರಿಯಲಿಲ್ಲ.

ಅಲ್ಲಿಯೇ ನಿಂತಾಗ ಅವನಿಗೆ ಒಂದು ಸಂಗತಿ ಹೊಳೆಯಿತು. ನಲವತ್ತೈದು ವರ್ಷ ದಾರಿ ಹಿಡಿದದ್ದು ಅವನಲ್ಲ. ಮುಂದಿನ ಹೋತ ಹಿಡಿದಿತ್ತು. ಕುರಿಗಳು ಅದರ ಬೆನ್ನು ಹತ್ತಿದ್ದವು, ಅವನು ಕುರಿಗಳ ಬೆನ್ನು ಹತ್ತಿದ್ದ. ಊರೆಲ್ಲ ಗುಡ್ಡ ಬಲ್ಲವನು ಎಂದದ್ದು ಯಾರನ್ನು ಹಾಗಾದರೆ?

"ಕಾಕಾ, ಎಡಕ್ಕೋ ಬಲಕ್ಕೋ?" ಎಂದಳು ದೇವಿಕಾ.

"ನಿಮ್ಮ ಫೋನ್ ಏನಂತೈತ್ರಿ?"

ಅವಳು ಫೋನಿನ ಮೇಲಿನ ಹನಿ ಒರೆಸಿ ನೋಡಿದಳು. "ಫೋನಿನ್ಯಾಗ ನಾವು ಅದೀವಿ ಕಾಕಾ. ದಾರಿ ಇಲ್ಲ."

ಮಾಳಪ್ಪ ಗಾಳಿಗೆ ಮುಖ ಕೊಟ್ಟು ನಿಂತ. ಶ್ರಾವಣದ ಗಾಳಿ ಪಡುವಲಿನಿಂದ ಬರಬೇಕು, ಕಲ್ಲಕೊಪ್ಪ ಮೂಡಲಿಗೆ ಇರಬೇಕು. ಆದರೆ ಫ್ಯಾನುಗಳ ನಡುವೆ ಗಾಳಿಯೂ ದಿಕ್ಕು ತಪ್ಪಿದಂತೆ ಇತ್ತು. ಕೊನೆಗೆ ಒಂದು ಇಳಿಜಾರು ಆರಿಸಿಕೊಂಡ. "ಕೆಳಗ ಇಳದ್ರ ಯಾವುದಾರ ಊರು ಸಿಕ್ಕೇ ಸಿಗ್ತೈತ್ರಿ," ಎಂದ. ಅದು ದಾರಿ ತೋರಿಸುವವನ ಮಾತಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಒಂದೂವರೆ ತಾಸು ಇಳಿದರು. ಮಂಜು ಹರಿದಾಗ ತಿಪ್ಪೆಗಳು, ಬಣವೆಗಳು, ತಗಡಿನ ಮಾಡುಗಳು, ಒಂದು ನೀರಿನ ಟಾಕಿ ಕಂಡವು. ಊರು ಹೌದು, ಆದರೆ ಕಲ್ಲಕೊಪ್ಪವಲ್ಲ. ಮೊದಲ ಮನೆಯ ಹಿತ್ತಲಿನಲ್ಲಿ ಒಬ್ಬ ಹೆಂಗಸು ಅವರಿಗೆ ಬೆನ್ನು ಮಾಡಿ ಕುಳಿತು ಪಾತ್ರೆ ತಿಕ್ಕುತ್ತಿದ್ದಳು. ಗುಡ್ಡದಲ್ಲೇ ಕೂದಲು ಬೆಳ್ಳಗಾದವನು ಊರಿನ ಹೆಸರು ಕೇಳುವುದೆಂದರೆ ನಾಚಿಕೆಯೇ. ಆದರೂ ಕೇಳಿದ.

"ಯಕ್ಕಾ, ಇದು ಯಾವೂರಬೇ?"

ಹೆಂಗಸು ತಿರುಗಿದಳು. ತಕ್ಷಣ ಎದ್ದು ನಿಂತು ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಚಾಷ್ಟಿ ಮಾಡ್ತೀರೇನ್ರಿ ಬೀಗರ?"

ಆ ಮುಖ ಮಾಳಪ್ಪನಿಗೆ ಗೊತ್ತಿತ್ತು. ಅದು ಬಸರಿಕಟ್ಟಿ. ಅವನ ಮಗಳು ನಾಗರತ್ನಾಳನ್ನು ಕೊಟ್ಟ ಊರು. ನಿಂತದ್ದು ಬೀಗತಿ. ಬಂದಾಗಲೆಲ್ಲ ಬಸ್ಸಿನಿಂದ ಇಳಿದು ಊರ ಮುಂದಿನಿಂದ ಬಂದವನು, ಹಿತ್ತಲಿನ ಕಡೆಯಿಂದ ಈ ಊರನ್ನು ಕಂಡೇ ಇರಲಿಲ್ಲ.

ಕೊನೆಯ ಸಲ ಬಂದು ಎರಡು ವರ್ಷವೂ ಆಗಿತ್ತು. ಮೊಮ್ಮಗಳ ತೊಟ್ಟಿಲ ಕಾರ್ಯದಲ್ಲಿ ಬೀಗ ಯಮನೂರ ನಾಲ್ಕು ಮಂದಿಯ ಮುಂದೆ, "ಕುರಿ ಮಾರಿದ ಮ್ಯಾಲ ನೀ ಯಾರಪಾ ಮಾಳಪ್ಪಾ?" ಎಂದು ನಕ್ಕಿದ್ದ. ಮಾಳಪ್ಪ ಉಣ್ಣುತ್ತಿದ್ದ ಗಂಗಾಳ ಬಿಟ್ಟು ಎದ್ದು ಬಂದವನು ಮತ್ತೆ ಈ ಹೊಸ್ತಿಲು ತುಳಿದಿರಲಿಲ್ಲ. ಈಗ ತುಳಿದದ್ದು ಹೊಸ್ತಿಲೂ ಅಲ್ಲ, ತಿಪ್ಪೆಯ ದಾರಿ. ಅದೂ ಕೈಯಲ್ಲಿ ಒಂದು ಡಜನ್ ಬಾಳೆಹಣ್ಣೂ ಇಲ್ಲದೆ.

"ಏ, ಬರ್ರಿಲ್ಲೆ!" ಎಂದು ಬೀಗತಿ ಒಳಗೆ ಕೂಗಿದಳು. "ಪಂಚಮಿಗೆ ಮಗಳನ್ನ ಕರ್ಯಾಕ ಬೀಗರು ಬಂದಾರ! ಹಿರೇರನ್ನೂ ಕರಕೊಂಡ ಬಂದಾರ!"

ಪಂಚಮಿಗೆ ಇನ್ನು ಮೂರು ದಿನವಿತ್ತು. ಮಾಳಪ್ಪನಿಗೆ ಆಗ ಅದು ನೆನಪಾಯಿತು. "ಅಲ್ರಿ, ನಾವು ಹಂಗ..." ಎಂದು ಬಾಯಿ ತೆರೆಯುವಷ್ಟರಲ್ಲಿ ಯಮನೂರ ಬಾಗಿಲಿಗೆ ಬಂದಿದ್ದ. ಅವನು ಮಾಳಪ್ಪನನ್ನು ನೋಡಿದ, ಹಿಂದೆ ಸಾಲಾಗಿ ನಿಂತ ಹನ್ನೊಂದು ಮಂದಿಯನ್ನು ನೋಡಿದ, ಅವರ ಕೋಲುಗಳನ್ನು ನೋಡಿದ. ಏನನ್ನೂ ಕೇಳದೆ ಒಳಗೆ ಹೋಗಿ ಪಡಸಾಲೆಯಲ್ಲಿ ನ್ಯಾಯಕ್ಕೆ ಹಾಸುವಂತೆ ಕರಿ ಕಂಬಳಿ ಹಾಸಿದ. ಬಿಳಿ ಗಡ್ಡದ ಮುಜಫ್ಫರ ಸರ್ ಅವರನ್ನು ಕೈ ಹಿಡಿದು ನಡುವೆ ಕೂರಿಸಿದ.

"ಹಿರೇರ, ನೀವು ಮಾತಾಡ್ರಿ," ಎಂದ. "ನಂದು ಒಂದು ಮಾತಿನ ತಪ್ಪು. ಇವಂದು ಎರಡು ವರ್ಷದ ತಪ್ಪು. ಯಾವುದು ದೊಡ್ಡದು?"

ಮುಜಫ್ಫರ ಸರ್ ದೇವಿಕಾಳ ಮುಖ ನೋಡಿದರು. ದೇವಿಕಾ ಮಾಳಪ್ಪನ ಮುಖ ನೋಡಿದಳು. ಮಾಳಪ್ಪ ಕಂಬಳಿಯ ಅಂಚು ನೋಡಿದ. ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನಾ ಮೂವತ್ತು ವರ್ಷ ಸಾಲ್ಯಾಗ ಜಗಳ ಬಿಡಿಸೇನ್ರಿ," ಎಂದರು. "ಜಗಳ ಯಾಕ ಆತು ಅಂತ ಎಂದೂ ಕೇಳಿಲ್ಲ. ಕೇಳಿದ್ರ ಮತ್ತ ಸುರು ಆಕ್ಕೈತಿ. ಮುಂದೇನು ಮಾಡೂದು ಅನ್ನೋದಷ್ಟ ಹೇಳ್ರಿ."

"ಮುಂದೇನೈತ್ರಿ? ಕರ್ಯಾಕ ಬಂದಾನ, ಕರಕೊಂಡ ಹೋಗ್ಲಿ. ಉಂಡು ಹೋಗ್ಲಿ, ಅಷ್ಟ."

ಮಾಳಪ್ಪ ನಿಜ ಹೇಳಿಬಿಡಬೇಕೆಂದು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ನಾಗರತ್ನಾ ಒಳಮನೆಯಿಂದ ಬಂದಳು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಸೀರೆ ತುಂಬಿದ ಚೀಲ. ಚೀಲ ಯಾವಾಗ ಕಟ್ಟಿದಳೋ! ಮೊಮ್ಮಗಳು ಅಜ್ಜನ ಹೆಗಲ ಕಂಬಳಿ ಕಂಡು ಕಿಟಾರನೆ ಚೀರಿತು. ಮಾಳಪ್ಪ ಹೇಳಬೇಕೆಂದದ್ದನ್ನು ಬಿಟ್ಟು ಕಂಬಳಿಯನ್ನು ಬೆನ್ನ ಹಿಂದೆ ಸರಿಸಿದ.

ಊಟಕ್ಕೆ ಬಿಸಿ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಪೇಟೆಯವರು ಬೇಡವೆಂದಷ್ಟೂ ಬೀಗತಿ ರೊಟ್ಟಿ ಹಾಕಿದಳು. ದಾರಿ ತಪ್ಪಿದ್ದೂ ಸೇರಿ ಇದೆಲ್ಲ ಮೊದಲೇ ಗೊತ್ತು ಮಾಡಿದ ಏರ್ಪಾಡೆಂದು ಅವರು ತಿಳಿದಿದ್ದರು. ಒಬ್ಬ ಹುಡುಗಿಯಂತೂ ಕಣ್ಣು ಒರೆಸಿಕೊಂಡಳು. ಮಾಳಪ್ಪನಿಗೆ ತುತ್ತು ಇಳಿಯುತ್ತಿತ್ತು, ಅರ್ಥ ಇಳಿಯುತ್ತಿರಲಿಲ್ಲ. ಕಳ್ಳತನ ಮಾಡಿ ಸನ್ಮಾನ ಮಾಡಿಸಿಕೊಂಡಂತೆ ಅನಿಸುತ್ತಿತ್ತು. ಎದುರು ಕುಳಿತ ಯಮನೂರ ತನ್ನ ಗಂಗಾಳದ ಮೊಸರನ್ನು ಅವನ ಗಂಗಾಳಕ್ಕೆ ಸುರಿದ.

ಹೊರಟಾಗ ಮಂಜು ಕರಗಿತ್ತು. ಕಟ್ಟಿಗೆಗೆಂದು ದಿನವೂ ಗುಡ್ಡ ಹತ್ತುವ ನಾಗರತ್ನಾಳಿಗೆ ಕಲ್ಲಕೊಪ್ಪದ ಅಡ್ಡದಾರಿ ಚೆನ್ನಾಗಿ ಗೊತ್ತಿತ್ತು. ಅವಳು ಮಗುವನ್ನು ಸೊಂಟಕ್ಕೇರಿಸಿ ಮುಂದೆ ನಡೆದಳು, ಉಳಿದವರು ಹಿಂದೆ. ಏರಿನಲ್ಲಿ ಮಾಳಪ್ಪ ಬಿರಬಿರನೆ ನಡೆದು ಅವಳನ್ನು ಕೂಡಿಕೊಂಡ. ಇನ್ನು ತಡೆದುಕೊಳ್ಳುವುದು ಆಗಲಿಲ್ಲ.

"ಯವ್ವಾ, ನಿನಗೊಂದು ಖರೇ ಹೇಳ್ತೀನಿ. ನಾ ಕರ್ಯಾಕ ಬಂದಿದ್ದಿಲ್ಲ. ದಾರಿ ತಪ್ಪಿ ಬಂದೆ."

"ಗೊತ್ತೈತಿ ಯಪ್ಪಾ."

"ಹ್ಯಾಂಗ ಗೊತ್ತು?"

"ಮಗಳನ್ನ ಕರ್ಯಾಕ ಬಂದಾಂವ ಊರ ಹೆಸರು ಕೇಳ್ತಾನೇನು?"

"ಹಂಗಾದ್ರ ನಿಮ್ಮ ಮಾವ? ಅಂವಗ ಗೊತ್ತಿಲ್ಲಲ್ಲ?"

"ಅವರಿಗೂ ಗೊತ್ತೈತಿ."

"ಮತ್ತ ಕಂಬಳಿ ಯಾಕ ಹಾಸಿದ? ಹಿರೇರು ಅಂತ ಯಾಕ ಕೂಡಿಸಿದ?"

ನಾಗರತ್ನಾ ಮಗುವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು. "ನೀ ನಡಿ ಯಪ್ಪಾ, ಮಳಿ ಬರ್ತೈತಿ," ಎಂದಳು. ಅಷ್ಟೇ ಅವನಿಗೆ ಸಿಕ್ಕ ಉತ್ತರ.

ಕಲ್ಲಕೊಪ್ಪ ಮುಟ್ಟಿದಾಗ ಮೂರೂವರೆ. ಕರೆವ್ವನ ತಂಗಿ ರೊಟ್ಟಿಯ ಬುಟ್ಟಿಯ ಪಕ್ಕದಲ್ಲಿ ಗಲ್ಲಕ್ಕೆ ಕೈ ಹಚ್ಚಿ ಕುಳಿತಿದ್ದಳು. ಉಂಡು ಬಂದೆವೆಂದರೆ ಕೇಳುವಳೇ? ಹನ್ನೊಂದು ಮಂದಿಯೂ ಮತ್ತೆ ಕುಳಿತು ಉಂಡರು. ಮುಜಫ್ಫರ ಸರ್ ಒಂದು ರೊಟ್ಟಿಗೇ ಸೋತು ಹೊಟ್ಟೆ ಹಿಡಿದುಕೊಂಡರು. ಅಲ್ಲಿ ಕಾದಿದ್ದ ವ್ಯಾನು ಹತ್ತುವಾಗ ದೇವಿಕಾ ಸಿಟ್ಟಾಗುತ್ತಾಳೆಂದು ಮಾಳಪ್ಪ ತಲೆ ತಗ್ಗಿಸಿ ನಿಂತಿದ್ದ. ಅವಳು ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು. ಅದೂ ಯಾಕೆಂದು ಅವನಿಗೆ ತಿಳಿಯಲಿಲ್ಲ.

ಪಂಚಮಿಯ ದಿನ ನಾಗರತ್ನಾ ಬೇವಿನ ಮರದ ಜೋಕಾಲಿಯಲ್ಲಿ ಜೀಕುತ್ತಿದ್ದಳು. ಮೊಮ್ಮಗಳು ಕಂಬಳಿಯ ಭಯ ಬಿಟ್ಟು ಅದರ ಮೇಲೆಯೇ ಕುಳಿತು ಉಂಡಿ ತಿನ್ನುತ್ತಿತ್ತು. ಆಗ ದೇವಿಕಾಳ ಫೋನು ಬಂತು.

"ಕಾಕಾ, ಬರೋ ಆಯಿತವಾರ ಮತ್ತ ಹದಿನಾಲ್ಕು ಮಂದಿ ಬರ್ತಾರ. ಎಲ್ಲಾರೂ ನಿಮ್ಮ ಬೀಗರ ಮನೀಗೇ ಹೋಗೂಣು ಅನ್ನಾಕತ್ತಾರ. ಅದ ದಾರೀಲೆ."

ಸುಳ್ಳು ಹೇಳುವುದು ಮಾಳಪ್ಪನಿಗೆ ಬಾರದು.

"ಆ ದಾರಿ ನನಗ ಗೊತ್ತಿಲ್ರಿ ಮೇಡಮ್ಮಾರ. ಒಂದ ಸಲ ಹೋಗೇನಿ, ಅದೂ ತಪ್ಪಿ. ಬಸ್ಸಿನ್ಯಾಗ ಬರೂದಿದ್ರ ಹೇಳ್ರಿ."

ಅತ್ತ ಕಡೆ ದೇವಿಕಾ ಜೋರಾಗಿ ನಕ್ಕಳು. ತಾನು ನಗುವಂಥದ್ದೇನು ಹೇಳಿದೆ ಎಂದು ಮಾಳಪ್ಪ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದ. ಆಮೇಲೆ, ಹದಿನಾಲ್ಕು ಮಂದಿಗೆ ರೊಟ್ಟಿ ಹೇಳಬೇಕು, ಯಮನೂರನಿಗೆ ಫೋನು ಹಚ್ಚಿಕೊಡು ಎಂದು ಮಗಳನ್ನು ಕೂಗಿದ.